ಒಬ್ಬರ ಸಲುವಾಗಿ

ನಾನು ಬಸವಕಲ್ಯಾಣದ ಒಂದು ಖಾಸಗಿ ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತೇನೆ. ಸಂಸ್ಥೆಗೆ ನಮ್ಮೂರಿನಲ್ಲಿ ಎರಡು ಪ್ರೌಢಶಾಲೆ, ಹುಮನಾಬಾದಿನಲ್ಲಿ ಒಂದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಿಕ್ಷಕರು ಪರೀಕ್ಷೆಯ ಅಂಕಗಳನ್ನು ಕಾಗದದ ಮೇಲೆ ಬರೆದು ಕಳಿಸುತ್ತಿದ್ದರು. ಅದನ್ನೇ ನಾನು ಮತ್ತೆ ಕೂತು ಟೈಪು ಮಾಡಬೇಕಿತ್ತು. ಎರಡು ಸಲ ಮಾಡಿ ಬೇಸತ್ತು, ಅವರವರ ಅಂಕಗಳನ್ನು ಅವರವರೇ ತುಂಬುವಂತೆ ಒಂದು ಸಣ್ಣ ತಂತ್ರಾಂಶ ಬರೆದೆ. ಪಾಲಿಟೆಕ್ನಿಕ್‌ನಲ್ಲಿ ಕಲಿತಿದ್ದ ಅರ್ಧಮರ್ಧ ವಿದ್ಯೆ ಅದಕ್ಕೆ ಸಾಕಾಯಿತು.

ಅದು ನೋಡಲು ಚೆನ್ನಾಗಿತ್ತು. ತೆರೆದ ಕೂಡಲೇ ಸಂಸ್ಥಾಪಕರ ಹಾರ ಹಾಕಿದ ಫೋಟೊ ಬರುತ್ತಿತ್ತು. ಪಾಸಾದವರ ಚೌಕ ಹಸಿರು, ನಪಾಸಾದವರದು ಕೆಂಪು. ಕೆಲವು ಕಂಪ್ಯೂಟರುಗಳಲ್ಲಿ ಕನ್ನಡ ಅಕ್ಷರ ಒಡೆದು ಕಾಣುತ್ತಿದ್ದವು. ಅದಕ್ಕಾಗಿ ಬಟನ್‌ಗಳ ಮೇಲಿನ ಮಾತುಗಳನ್ನೆಲ್ಲ ಚಿತ್ರ ಮಾಡಿ ಅಂಟಿಸಿದ್ದೆ. ಸಂಸ್ಥೆಯ ಕಾರ್ಯದರ್ಶಿಗಳು ನೋಡಿ, "ಶಾಬ್ಬಾಸ್, ಹೊರಗಿನವರಿಂದ ಮಾಡಿಸಿದಂಗ ಅದ" ಎಂದರು. ಆ ಮಾತನ್ನು ಮನೆಗೆ ಹೋಗಿ ಹೆಂಡತಿಗೆ ಎರಡು ಸಲ ಹೇಳಿದ್ದೆ.

ಒಂದು ದಿನ ಹುಮನಾಬಾದ್ ಶಾಲೆಯ ಹೆಡ್‌ಮಾಸ್ತರರು ಫೋನು ಮಾಡಿದರು. "ನಮ್ಮ ಕನ್ನಡ ಅಕ್ಕೋರಿಗೆ ನಿಮ್ಮ ಪ್ರೋಗ್ರಾಂ ಬರಂಗಿಲ್ರಿ. ಒಂದು ಸಲ ಬಂದು ತೋರಿಸಿ ಹೋಗ್ರಿ." ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುವುದು ರೂಢಿ. ವಯಸ್ಸಾದವರಿರಬೇಕು, ಕಂಪ್ಯೂಟರ್ ಎಂದರೆ ಹೆದರುತ್ತಾರೆ ಎಂದುಕೊಂಡು ಶನಿವಾರ ಬಸ್ಸು ಹತ್ತಿದೆ.

ಶಿಕ್ಷಕರ ಕೋಣೆಯಲ್ಲಿ ಸುಮಾರು ಮೂವತ್ತೈದರ ಹೆಣ್ಣುಮಗಳು ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತಿದ್ದರು. ಪರದೆ ಕಪ್ಪಗಿತ್ತು. ನಾನು ನಿಂತಲ್ಲೇ, "ಮೊದಲು ಚಾಲೂ ಮಾಡ್ರಿ ಅಕ್ಕೋರೆ" ಎಂದೆ.

"ಚಾಲೂ ಅದ ರೀ ಸರ. ಬೆಳಕು ಆರಿಸೀನಿ, ಬ್ಯಾಟರಿ ಉಳೀತದ."

ಆಗ ಅವರ ಮುಖ ನೋಡಿದೆ. ಅವರು ಕತ್ತನ್ನು ನನ್ನ ದನಿಯ ಕಡೆ ತಿರುಗಿಸಿದ್ದರು, ಕಣ್ಣು ನನ್ನ ಭುಜದ ಆಚೆ ಎಲ್ಲೋ ಇತ್ತು. ಹೆಡ್‌ಮಾಸ್ತರರು ಫೋನಿನಲ್ಲಿ ಅದೊಂದನ್ನು ಹೇಳಿರಲಿಲ್ಲ.

ಅವರು ಇಯರ್‌ಫೋನಿನ ಒಂದು ತುದಿ ನನ್ನ ಕೈಗೆ ಕೊಟ್ಟು, "ಕೇಳ್ರಿ" ಎಂದರು. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಅವರ ಲ್ಯಾಪ್‌ಟಾಪಿನಲ್ಲಿತ್ತು. ಅದರ ಮಾತು ನನಗೆ ಡಬ್ಬಿಗೆ ಜೋಳ ಸುರಿದಂತೆ ಕೇಳಿಸಿತು, ಅಷ್ಟು ವೇಗ. ಅವರು ನಕ್ಕು ವೇಗ ಇಳಿಸಿದರು. ಆಗ ಅದು ನನ್ನ ತಂತ್ರಾಂಶವನ್ನು ಓದಿತು. "ಬಟನ್. ಬಟನ್. ಬಟನ್." ನಾನು ಚಿತ್ರ ಮಾಡಿ ಅಂಟಿಸಿದ ಮಾತುಗಳು ಅದಕ್ಕೆ ಕಾಣುತ್ತಿರಲಿಲ್ಲ. ಮುಂದೆ ಮಕ್ಕಳ ಹೆಸರುಗಳು ಬಂದವು. ಹಳೆಯ ಕನ್ನಡ ಫಾಂಟಿನಲ್ಲಿ ಟೈಪು ಮಾಡಿದ್ದೆ. ಮೇಲೆ ಕನ್ನಡ ಕಂಡರೂ ಒಳಗೆ ಇರುವುದು ಬರೀ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಗೋಜಲು. ಅದನ್ನು ಇದ್ದಂತೆಯೇ ಆ ದನಿ ಓದತೊಡಗಿತು. ಡಬ್ಲ್ಯು, ಓರೆ ಗೆರೆ, ಎಚ್, ಡಾಲರ್.

"ನಿಮ್ಮ ಪ್ರೋಗ್ರಾಂನಾಗ ನನ್ನ ವರ್ಗದ ಹುಡುಗರು ಯಾರೂ ಇಲ್ರಿ ಸರ" ಎಂದರು. ದೂರಿನ ದನಿ ಇರಲಿಲ್ಲ. ಹಾಜರಿ ಹೇಳಿದಂತೆ ಹೇಳಿದರು.

ಅವರು ಬೇಮಳಖೇಡದವರು. ಹುಟ್ಟಿನಿಂದಲೇ ದೃಷ್ಟಿ ಇಲ್ಲ. ತಂದೆ ತಾಯಿ ಕೂಲಿ ಮಾಡುತ್ತ, ಎರಡು ಎಕರೆಯಲ್ಲಿ ತೊಗರಿ ಬೆಳೆಯುತ್ತ, ಮಗಳನ್ನು ದೂರದ ಅಂಧರ ಶಾಲೆಗೆ ಕಳಿಸಿ ಬಿ.ಎಡ್. ತನಕ ಓದಿಸಿದ್ದರು. ಈಗ ಅಣ್ಣ ಮತ್ತು ವೈನಿಯ ಜೊತೆ ಊರಲ್ಲೇ ಇದ್ದು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ವೈನಿ ಎಂದರೆ ಅಣ್ಣನ ಹೆಂಡತಿ. ಆಕೆ ಹತ್ತನೆಯ ಇಯತ್ತೆ ಓದಿದವಳು. ಎಮ್ಮೆ ಹಿಂಡಿ ಬಂದು ಕೂತು ಉತ್ತರಪತ್ರಿಕೆಗಳನ್ನು ಒಂದೊಂದಾಗಿ ಓದುತ್ತಿದ್ದಳು. ಇವರು ಕೇಳಿ, ಬೇಕಾದರೆ ಮತ್ತೊಮ್ಮೆ ಓದಿಸಿ, ಅಂಕ ನಿರ್ಧರಿಸಿ ಬ್ರೈಲ್ ಹಲಗೆಯ ಮೇಲೆ ದಪ್ಪ ಕಾಗದವಿಟ್ಟು ಮೊಳೆಯಿಂದ ಚುಚ್ಚಿ ಬರೆದುಕೊಳ್ಳುತ್ತಿದ್ದರು. ಅಷ್ಟರ ತನಕ ಎಲ್ಲವೂ ಅವರ ಕೈಯಲ್ಲಿತ್ತು. ಕಂಪ್ಯೂಟರಿಗೆ ತುಂಬುವಾಗ ಮಾತ್ರ ಯಾರಾದರೂ ಸಹೋದ್ಯೋಗಿಯ ಬಿಡುವು ಕಾಯಬೇಕಿತ್ತು. ಅವರು ಚಹಾ ಕುಡಿಯುತ್ತ, ಮಾತಾಡುತ್ತ ತುಂಬುತ್ತಿದ್ದರು. ಇವರು ಪಕ್ಕದಲ್ಲಿ ಕೂತು ಅಂಕ ಹೇಳುತ್ತಿದ್ದರು. ಸರಿಯಾಗಿ ತುಂಬಿದರೋ ಇಲ್ಲವೋ ತಿಳಿಯುವ ದಾರಿ ಇರಲಿಲ್ಲ.

"ಇದನ್ನ ಸರಿ ಮಾಡ್ತೀನಿ" ಎಂದು ಹೇಳಿ ಬಂದೆ. ಒಂದು ವಾರದ ಕೆಲಸ ಎಂದುಕೊಂಡಿದ್ದೆ.

ಎಂಟು ತಿಂಗಳು ಹಿಡಿಯಿತು. ಶನಿವಾರ ಅರ್ಧ ದಿನ ಮುಗಿದ ಮೇಲೆ ಹುಮನಾಬಾದಿಗೆ ಹೋಗುತ್ತಿದ್ದೆ. ಕಬ್ಬಿನ ಹಂಗಾಮಿನಲ್ಲಿ ಹೆದ್ದಾರಿ ತುಂಬ ಟ್ರ್ಯಾಕ್ಟರುಗಳು, ಬಸ್ಸು ತೆವಳುತ್ತಿತ್ತು. ಪ್ರತಿ ಸಲ ಒಂದು ದೋಷ ತಿದ್ದಿಕೊಂಡು ಹೋಗುವುದು, ಅವರು ಮೂರು ಹೊಸದನ್ನು ಕಂಡುಹಿಡಿಯುವುದು. ಮೊದಲು ಹೆಸರುಗಳನ್ನೆಲ್ಲ ಆ ದನಿ ಓದಬಲ್ಲ ಯೂನಿಕೋಡ್ ಅಕ್ಷರಗಳಿಗೆ ತಂದೆ. ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂತಿದ್ದವು, ಒಂದೊಂದನ್ನೂ ಕೈಯಿಂದ ತಿದ್ದಿದೆ. ಬಟನ್‌ಗಳಿಗೆ ಹೆಸರು ಕೊಟ್ಟೆ. ಮೌಸ್ ಇಲ್ಲದೆ ಕೀಲಿಗಳಿಂದಲೇ ಎಲ್ಲ ಕಡೆ ಹೋಗುವಂತೆ ಮಾಡಿದೆ.

"ಇಪ್ಪತ್ತೈದರ ಪರೀಕ್ಷೆಗೆ ಐವತ್ತೆರಡು ಹಾಕಿದ್ರ ಏನಾಗ್ತದ್ರಿ?" ಎಂದು ಒಮ್ಮೆ ಕೇಳಿದರು.

"ಚೌಕ ಕೆಂಪಾಗ್ತದ."

"ಕೆಂಪಾದ್ರ ನನಗ ಹ್ಯಾಂಗ ಗೊತ್ತಾಗಬೇಕು?"

ಬಣ್ಣ ತೆಗೆದು, ಅದನ್ನು ಮಾತಿನಲ್ಲಿ ಹೇಳುವಂತೆ ಮಾಡಿದೆ. ಅಂಕ ಉಳಿಸಿದೆ ಎಂಬ ಸೂಚನೆ ಕ್ಷಣಹೊತ್ತು ಮಿಂಚಿ ಹೋಗುತ್ತಿತ್ತು, ಅವರ ದನಿ ಅದನ್ನು ಹಿಡಿಯುವಷ್ಟರಲ್ಲಿ ಮಾಯ. ಅದು ಪರದೆಯ ಮೇಲೆ ಉಳಿದು ನಿಲ್ಲುವಂತೆ ಮಾಡಿದೆ. ಇನ್ನೊಂದು ಶನಿವಾರ, "ಸರ, ದಿನಾ ಚಾಲೂ ಮಾಡಿದ ಕೂಡಲೇ 'ಚಿತ್ರ, ಹೊಸದು, ಕೊನೇದು, ಎರಡು' ಅಂತದ. ಯಾರ್ರಿ ಅವರು?" ಎಂದರು.

"ಸಂಸ್ಥಾಪಕರ ಫೋಟೊ." ಆ ಫೋಟೊದ ಕಡತಕ್ಕೆ ನಾನು ಅವಸರದಲ್ಲಿ ಇಟ್ಟಿದ್ದ ಹೆಸರನ್ನು ದನಿ ಓದುತ್ತಿತ್ತು.

"ಪಾಪ, ಹೆಸರರ ಹಾಕ್ರಿ ಅವರದು."

ಇಬ್ಬರೂ ನಕ್ಕೆವು. ಆ ಎಂಟು ತಿಂಗಳಲ್ಲಿ ನಾನು ಕಲಿತದ್ದು ಪಾಲಿಟೆಕ್ನಿಕ್‌ನ ಮೂರು ವರ್ಷದಲ್ಲಿ ಕಲಿತಿರಲಿಲ್ಲ. ಅವರು ಎಂದೂ "ಆಯ್ತು, ನಡೀತದ ಬಿಡ್ರಿ" ಅನ್ನುತ್ತಿರಲಿಲ್ಲ. ನಡೆಯದಿದ್ದರೆ ನಡೆಯದು ಎಂದೇ ಹೇಳುತ್ತಿದ್ದರು.

ಅರ್ಧವಾರ್ಷಿಕ ಪರೀಕ್ಷೆಯಾದ ಮೇಲೆ ಅವರು ಮೊದಲ ಸಲ ಒಬ್ಬರೇ ಕೂತು ನಲವತ್ತಮೂರು ಮಕ್ಕಳ ಅಂಕ ತುಂಬಿದರು. ಎಡಗೈ ಬ್ರೈಲ್ ಕಾಗದದ ಮೇಲೆ, ಬಲಗೈ ಕೀಲಿಗಳ ಮೇಲೆ. ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಮುಗಿದಾಗ ದನಿ, "ನಲವತ್ತಮೂರು ವಿದ್ಯಾರ್ಥಿಗಳ ಅಂಕ ಉಳಿಸಲಾಗಿದೆ" ಎಂದಿತು. ಅವರು ಅದನ್ನು ಮತ್ತೊಮ್ಮೆ ಓದಿಸಿದರು. ಆಮೇಲೆ ಇಯರ್‌ಫೋನು ತೆಗೆದು, ಇಡೀ ಕೋಣೆಗೆ ಕೇಳುವಂತೆ ಮೂರನೆಯ ಸಲ ಓದಿಸಿದರು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ಎರಡು ವರ್ಷ ಹಾಗೆ ನಡೆಯಿತು. ಬೇರೆ ಶಿಕ್ಷಕರಲ್ಲಿ ಕೆಲವರು ಬಣ್ಣ ಹೋಯಿತೆಂದು ಗೊಣಗಿದರು. ಮೌಸ್ ಹಿಡಿಯಲು ಕೈ ನಡುಗುತ್ತಿದ್ದ ಡ್ರಾಯಿಂಗ್ ಮಾಸ್ತರರೊಬ್ಬರು ಮಾತ್ರ, ಈಗ ಸಲೀಸಾಯಿತು ಎಂದರು.

ಮೂರನೆಯ ವರ್ಷ ಸಂಸ್ಥೆಯವರು ನಗರದ ಒಂದು ಕಂಪನಿಯಿಂದ ಸಿದ್ಧ ತಂತ್ರಾಂಶ ಕೊಂಡರು. ಹಾಜರಿ, ಅಂಕ, ಶಾಲೆಯ ಬಸ್ಸು ಎಲ್ಲಿದೆ ಎಂಬುದು, ಎಲ್ಲ ಪಾಲಕರ ಮೊಬೈಲಿಗೆ ನೇರ ಹೋಗುವಂಥದ್ದು. ಬೇರೆ ಶಾಲೆಗಳಲ್ಲಿ ಅದು ಇತ್ತು, ಪಾಲಕರು ಕೇಳುತ್ತಿದ್ದರು, ಕೊಂಡದ್ದು ತಪ್ಪೆಂದು ನಾನು ಹೇಳಲಾರೆ. ಬಸವಕಲ್ಯಾಣದ ಒಂದು ಶಾಲೆಯ ಸಭಾಂಗಣದಲ್ಲಿ ಕಂಪನಿಯವನೊಬ್ಬ ದೊಡ್ಡ ಪರದೆಯ ಮೇಲೆ ತೋರಿಸಿದ. ಅಂಕ ಕೊಡಲು ಟೈಪು ಮಾಡುವುದೇ ಬೇಡ, ಪುಟ್ಟ ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ಸಾಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ನಾನು ಎದ್ದು ನಿಂತೆ.

"ಕಣ್ಣು ಕಾಣದ ಶಿಕ್ಷಕರು ಇದನ್ನು ಹೇಗೆ ಬಳಸಬೇಕು?"

ಅವನು ಒಳ್ಳೆಯವನೇ. ಒಂದು ಕ್ಷಣ ಯೋಚಿಸಿ, "ನಿಮ್ಮಲ್ಲಿ ಅಂಥವರು ಎಷ್ಟು ಜನ ಇದ್ದಾರೆ ಸರ್?" ಎಂದ.

"ಒಬ್ಬರು" ಎಂದೆ.

ಆ ಒಂದು ಮಾತಿನಲ್ಲಿ ಎಲ್ಲ ಮುಗಿಯಿತೆಂದು ಆಗಲೇ ಗೊತ್ತಾಯಿತು. ಅವನು ಪುಸ್ತಕದಲ್ಲಿ ಬರೆದುಕೊಂಡ. ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳು ನನ್ನನ್ನು ಪಕ್ಕಕ್ಕೆ ಕರೆದು, ಸಿಟ್ಟಿಲ್ಲದೆಯೇ ಹೇಳಿದರು. "ಒಬ್ಬರ ಸಲುವಾಗಿ ಎಲ್ಲಾರೂ ಹಿಂದ ನಿಲ್ಲಾಕ ಆಗ್ತದೇನ್ರಿ? ಅವರಿಗೆ ಯಾರರ ಸಹಾಯ ಮಾಡ್ತಾರ. ನೀವು ಮಂದಿಗೆ ಕಲಿಸೋ ಕೆಲಸ ನೋಡ್ರಿ."

ಮುಂದಿನ ಶನಿವಾರ ಅಕ್ಕೋರ ಲ್ಯಾಪ್‌ಟಾಪಿನಲ್ಲಿ ಹೊಸದನ್ನು ತೆರೆದೆವು. ಒಳಗೆ ಹೋಗಲು ಚಿತ್ರದೊಳಗಿನ ವಕ್ರ ಅಕ್ಷರ ನೋಡಿ ಬರೆಯಬೇಕಿತ್ತು. ಅದನ್ನು ನಾನೇ ಬರೆದೆ. ಒಳಗೆ ಹೋದ ಮೇಲೆ ಮತ್ತೆ ಅದೇ, ಬಟನ್, ಬಟನ್. ಚಕ್ರ ಎಂಬುದು ಇದೆಯೆಂದೇ ದನಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ತಡಕಾಡಿದರೆ ಸಮಯ ಮುಗಿಯಿತೆಂದು ಹೊರಗೆ ಹಾಕುತ್ತಿತ್ತು. ಅವರು ನಾಲ್ಕು ಸಲ ಪ್ರಯತ್ನಿಸಿದರು.

"ಸರ, ಇದು ನಿಮ್ಮ ಮೊದಲನೇದರ ತಮ್ಮ ಅದ" ಎಂದರು.

ನಾನು ದೋಷಗಳ ಪಟ್ಟಿ ಮಾಡಿದೆ. ಹದಿನೇಳು ಇದ್ದವು. ಒಂದೊಂದಕ್ಕೂ ಏನು ತೊಂದರೆ, ಹೇಗೆ ತಿದ್ದಬಹುದು ಎಂದು ಬರೆದೆ. ಹೆಚ್ಚಿನವು ಒಂದು ದಿನದ ಕೆಲಸವೂ ಅಲ್ಲ. ನಾನೇ ಮಾಡಿ ಗೊತ್ತಿತ್ತು. ನಿಮ್ಮ ಸಲಹೆಗೆ ಧನ್ಯವಾದ, ಮುಂದಿನ ಆವೃತ್ತಿಯಲ್ಲಿ ಗಮನಿಸುತ್ತೇವೆ ಎಂದು ಉತ್ತರ ಬಂತು. ಮುಂದಿನ ಆವೃತ್ತಿ ಬಂದಾಗ ಹದಿನೇಳೂ ಹಾಗೇ ಇದ್ದವು, ಚಕ್ರ ಮಾತ್ರ ಇನ್ನಷ್ಟು ಚಂದವಾಗಿ ತಿರುಗುತ್ತಿತ್ತು.

ಒಂದು ಒಳದಾರಿ ಹುಡುಕಿದೆ. ಅಕ್ಕೋರು ನನ್ನ ಹಳೆಯ ತಂತ್ರಾಂಶದಲ್ಲೇ ಅಂಕ ತುಂಬಿ ಕಡತವನ್ನು ನನಗೆ ಕಳಿಸುವುದು, ನಾನು ಅದನ್ನು ಹೊಸದಕ್ಕೆ ಏರಿಸುವುದು. ಯಾರಿಗೂ ಹೇಳಲಿಲ್ಲ. ಒಂದು ಪರೀಕ್ಷೆ ಹಾಗೆ ದಾಟಿತು. ಆಮೇಲೆ ಕಂಪನಿಯವರು ಭದ್ರತೆಗೆಂದು ಹೊರಗಿನ ಕಡತ ಏರಿಸುವುದನ್ನೇ ನಿಲ್ಲಿಸಿದರು. ಪ್ರತಿ ಶಿಕ್ಷಕರೂ ತಮ್ಮ ಮೊಬೈಲಿಗೆ ಬರುವ ಗುಪ್ತ ಸಂಖ್ಯೆ ಹಾಕಿ ತಾವೇ ತುಂಬಬೇಕು. ವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಅಕ್ಕೋರು ಮತ್ತೆ ಮೊಬೈಲನ್ನು ಪಕ್ಕದ ಮೇಜಿನ ಸಹೋದ್ಯೋಗಿಯ ಕೈಗೆ ಕೊಟ್ಟು ಅಂಕ ಹೇಳತೊಡಗಿದರು.

ಆ ಸಹೋದ್ಯೋಗಿ ಒಂದು ಸಾಲು ತಪ್ಪಿದಳು. ನಡುವೆ ಒಬ್ಬ ಹುಡುಗ ಗೈರುಹಾಜರಾಗಿದ್ದ, ಅವನ ಸಾಲನ್ನು ಖಾಲಿ ಬಿಡದೆ ಮುಂದಿನ ಅಂಕ ಅಲ್ಲಿ ತುಂಬಿದಳು. ಅಲ್ಲಿಂದ ಕೆಳಗೆ ಎಲ್ಲರಿಗೂ ಬೇರೆಯವರ ಅಂಕ. ಅದು ಆ ಕ್ಷಣವೇ ಪಾಲಕರ ಮೊಬೈಲಿಗೆ ಹೋಯಿತು. ಚೆನ್ನಾಗಿ ಓದುತ್ತಿದ್ದ ಒಬ್ಬ ಹುಡುಗಿ ಕನ್ನಡದಲ್ಲಿ ನಪಾಸು ಎಂದು ಬಂತು. ದುಬಲಗುಂಡಿಯ ಹುಡುಗಿ. ಮಾರನೆಯ ದಿನ ಅವಳ ತಂದೆ ಇನ್ನೂ ಆರೇಳು ಮಂದಿಯನ್ನು ಕಟ್ಟಿಕೊಂಡು ಶಾಲೆಗೆ ಬಂದ. "ಕಣ್ಣು ಕಾಣದವರ ಕೈಯಾಗ ನಮ್ಮ ಮಕ್ಕಳ ಭವಿಷ್ಯ ಕೊಟ್ಟೀರಿ" ಎಂದು ಅಂಗಳದಲ್ಲಿ ನಿಂತು ಕೂಗಿದನಂತೆ.

ಕಾರ್ಯದರ್ಶಿಗಳು ಹುಮನಾಬಾದಿಗೆ ಹೊರಟಾಗ ಕಂಪ್ಯೂಟರ್ ಬಲ್ಲವನೆಂದು ನನ್ನನ್ನೂ ಕರೆದೊಯ್ದರು. ಹೆಡ್‌ಮಾಸ್ತರರ ಕೋಣೆಯಲ್ಲಿ ಅಕ್ಕೋರು ನಿಂತಿದ್ದರು. ಕೈಯಲ್ಲಿ ಬ್ರೈಲ್ ಕಾಗದಗಳ ಕಟ್ಟು ಇತ್ತು. ಸಹೋದ್ಯೋಗಿ ಮೂಲೆಯಲ್ಲಿ ಕೂತು, ಅವರು ಹೇಳಿದ್ದನ್ನೇ ತುಂಬಿದೆ ಎಂದು ಅಳುತ್ತಿದ್ದಳು. ಸುಳ್ಳು ಹೇಳುತ್ತಿದ್ದಳು ಎನ್ನಲಾರೆ. ಅವಳಿಗೆ ಹಾಗೇ ನೆನಪಿತ್ತೇನೋ.

"ಬರೋಬರ್ ಅಂಕ ಎಲ್ಲಾ ಇದರಾಗ ಅವ ರೀ" ಎಂದು ಅಕ್ಕೋರು ಕಟ್ಟನ್ನು ಮುಂದೆ ಚಾಚಿದರು.

ಕಾರ್ಯದರ್ಶಿಗಳು ಒಂದು ಹಾಳೆ ತೆಗೆದುಕೊಂಡು ಮೇಲೆ ಕೆಳಗೆ ನೋಡಿದರು. ಬಿಳಿ ಕಾಗದದ ಮೇಲೆ ಬರೀ ಉಬ್ಬು ಚುಕ್ಕೆಗಳು. "ಇದನ್ನ ಓದಾಕ ಇಲ್ಲಿ ಯಾರಿಗೆ ಬರ್ತದ?"

"ನಾನು ಓದ್ತೀನ್ರಿ."

"ನೀವು ಓದೂದು ಖರೇ ಅಂತ ನಾ ಪಾಲಕರಿಗೆ ಹ್ಯಾಂಗ ತೋರಿಸ್ಲಿ?"

ಅಕ್ಕೋರ ಕೈ ಇನ್ನೂ ಮುಂದೆಯೇ ಚಾಚಿತ್ತು. ಹಾಳೆ ವಾಪಸ್ಸು ಬರುತ್ತದೆಂದು ಕಾಯುತ್ತಿದ್ದರು. ಕಾರ್ಯದರ್ಶಿಗಳು ಅದನ್ನು ಮೇಜಿನ ಮೇಲಿಟ್ಟಿದ್ದರು. ನಾನು ಎತ್ತಿ ಅವರ ಕೈಗೆ ಕೊಟ್ಟೆ.

ಆಮೇಲೆ ನನ್ನ ಸರದಿ. ಅಂಕಗಳು ಯಾರ ಹೆಸರಿನಿಂದ ತುಂಬಲ್ಪಟ್ಟಿವೆ ಎಂದು ತಂತ್ರಾಂಶದಲ್ಲಿ ನೋಡಿ ಹೇಳಬೇಕಿತ್ತು. ನೋಡಿದೆ. ಅಕ್ಕೋರ ಹೆಸರಿನಿಂದಲೇ. "ಆದರ ಇದನ್ನ ಅವರು ಸ್ವಂತ ತುಂಬಾಕ ಬರೂ ಹಂಗ ಮಾಡೇ ಇಲ್ರಿ. ನಾ ಮೊದಲೇ ಹೇಳೀನಿ, ಹದಿನೇಳು..." ಎಂದು ಶುರುಮಾಡಿದೆ. "ಅದು ಬ್ಯಾರೆ ಮಾತು. ಯಾರ ಹೆಸರಿಂದ ಆಗ್ಯಾವ, ಅಷ್ಟು ಬರೀರಿ" ಎಂದರು. ಬರೆದೆ. ಒಂದೇ ಸಾಲು. ಕೆಳಗೆ ಸಹಿ ಮಾಡಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಸಹಿ ಮಾಡುವುದಿಲ್ಲ ಎಂದಿದ್ದರೆ ಏನಾಗುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಬಹುಶಃ ಏನೂ ಆಗುತ್ತಿರಲಿಲ್ಲ. ಆದರೂ ಮಾಡಬಾರದಿತ್ತು.

ಉತ್ತರಪತ್ರಿಕೆಗಳನ್ನು ಮತ್ತೊಬ್ಬರಿಂದ ತಿದ್ದಿಸಿ ಅಂಕಗಳನ್ನು ಸರಿಪಡಿಸಿದರು. ಅಕ್ಕೋರು ಕೊಟ್ಟಿದ್ದ ಅಂಕಕ್ಕೂ ಅದಕ್ಕೂ ಒಂದೆರಡರ ವ್ಯತ್ಯಾಸ ಬಿಟ್ಟರೆ ಏನೂ ಇರಲಿಲ್ಲ. ಅದನ್ನು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾದಾಗ ಅವರಿಗೆ ಪರೀಕ್ಷೆಯ ಕೆಲಸದಿಂದ ವಿನಾಯಿತಿ ಕೊಟ್ಟಿದ್ದರು. ಪರೀಕ್ಷೆ ಇಲ್ಲದ ಮೇಲೆ ಪಾಠವೂ ಬೇರೆಯವರಿಗೆ ಹೋಯಿತು. ಅವರ ಪಾಲಿಗೆ ಬೆಳಗಿನ ಪ್ರಾರ್ಥನೆ ಮತ್ತು ಗ್ರಂಥಾಲಯ ಉಳಿಯಿತು. ಗ್ರಂಥಾಲಯ ಎಂದರೆ ಎರಡು ಬೀಗ ಹಾಕಿದ ಕಪಾಟು. ಅದರಲ್ಲಿ ಅವರು ಓದಬಹುದಾದ ಪುಸ್ತಕ ಒಂದೂ ಇರಲಿಲ್ಲ. ದಸರಾ ರಜೆಗೆ ಹೋದವರು ರಾಜೀನಾಮೆ ಕಳಿಸಿದರು.

ದೀಪಾವಳಿಯಾದ ಮೇಲೆ ನಾನು ಬೇಮಳಖೇಡಕ್ಕೆ ಹೋದೆ. ಕೆಲಸ ಬಿಟ್ಟರೇನಂತೆ, ನಾವಿಬ್ಬರೂ ಸೇರಿ ಆ ಹಳೆಯದನ್ನು ಸುಧಾರಿಸಿ ಬೇರೆ ಶಾಲೆಗಳಿಗೆ ತೋರಿಸೋಣ ಎಂದು ಹೇಳಬೇಕೆಂದಿದ್ದೆ. ಮಧ್ಯಾಹ್ನ. ಅಂಗಳದಲ್ಲಿ ಅವರು ಮೊರದಲ್ಲಿ ಹೆಸರುಕಾಳು ಇಟ್ಟುಕೊಂಡು ಬೆರಳಿನಿಂದ ಹರಳು ಆರಿಸುತ್ತಿದ್ದರು. ವೈನಿ ಚಹಾ ತಂದಳು. ನಾನು ಹೇಳಿದ್ದನ್ನೆಲ್ಲ ಅವರು ಕೇಳಿದರು. ಬೆರಳು ನಿಲ್ಲಲಿಲ್ಲ.

"ಸರ, ಸಿಟ್ಟು ಆಗಬ್ಯಾಡ್ರಿ. ನೀವು ಮಾಡಿದ್ದು ಚಲೋ ಇತ್ತು. ಅದಕ್ಕೇ ಈಗ ಜಾಸ್ತಿ ತ್ರಾಸ ಆಗ್ತದ. ಮೊದಲು ನನಗ ಆಗಂಗಿಲ್ಲ ಅಂತ ತಿಳ್ಕೊಂಡಿದ್ದೆ, ಆರಾಮ ಇದ್ದೆ. ನಿಮ್ಮಿಂದ ಗೊತ್ತಾತು, ಆಗ್ತದ, ಮಂದಿ ಮನಸ್ಸು ಮಾಡಿದ್ರ ಆಗ್ತದ ಅಂತ. ಗೊತ್ತಾದ ಮ್ಯಾಲೆ ಕುಂದ್ರೂದು ಭಾಳ ಕಠಿಣ ಅದ ರೀ."

"ಇನ್ನೊಂದು ಸಲ..."

"ಬ್ಯಾಡ್ರಿ. ಲ್ಯಾಪ್‌ಟಾಪ್ ಅಣ್ಣನ ಮಗಳಿಗೆ ಕೊಟ್ಟೀನಿ, ಕಾಲೇಜಿಗೆ ಒಯ್ತಾಳ. ಓದೂ ದನಿ ತೆಗದ್ಲಂತ, ಕಿರಿಕಿರಿ ಆಗ್ತಿತ್ತಂತ."

ವೈನಿ ನನ್ನನ್ನು ಬಸ್ಸಿನ ತನಕ ಕಳಿಸಲು ಬಂದಳು. ದಾರಿಯಲ್ಲಿ ಅವಳೇ ಮಾತಾಡಿದಳು. "ಈಗ ಪೇಪರ್ ಓದೂದು ಇಲ್ಲ, ನನಗೂ ಸಂಜಿ ಮುಂದ ಹೊತ್ತೇ ಹೋಗವಲ್ದು. ಮಕ್ಕಳು ಏನೇನರ ಬರೀತಿದ್ರು, ನಾವಿಬ್ಬರೂ ನಗ್ತಿದ್ವಿ." ಬಸ್ಸು ಬರುವ ತನಕ ನಿಂತಿದ್ದಳು. ಇನ್ನೊಮ್ಮೆ ಬರ್ರಿ ಎಂದಳು. ನಾನು ಮತ್ತೆ ಹೋಗಿಲ್ಲ.

ಈ ವರ್ಷ ಕಂಪನಿಯವರು ದೊಡ್ಡ ಬದಲಾವಣೆಯ ಆವೃತ್ತಿ ಕಳಿಸಿದರು. ಪರದೆಯ ಮೂಲೆಯಲ್ಲಿ ಗಾಲಿಕುರ್ಚಿಯಲ್ಲಿ ಕೂತ ಮನುಷ್ಯನ ಒಂದು ನೀಲಿ ಚಿತ್ರ ಬಂದಿದೆ. ಒತ್ತಿದರೆ ಅಕ್ಷರಗಳು ದೊಡ್ಡವಾಗುತ್ತವೆ, ಹಿನ್ನೆಲೆ ಕಪ್ಪಾಗುತ್ತದೆ. ನಮ್ಮ ಸಂಸ್ಥೆ ವಿಶೇಷ ಚೇತನರಿಗೂ ಅನುಕೂಲ ಕಲ್ಪಿಸಿದೆ ಎಂದು ಕಾರ್ಯದರ್ಶಿಗಳು ವಾರ್ಷಿಕ ವರದಿಯಲ್ಲಿ ಬರೆಸಿದರು; ಟೈಪು ಮಾಡಿದವನು ನಾನೇ. ಅದೇ ರಾತ್ರಿ ಎಂದಲ್ಲ, ಎರಡು ದಿನ ಬಿಟ್ಟು, ಪರದೆ ಓದುವ ದನಿಯನ್ನು ನನ್ನ ಕಂಪ್ಯೂಟರಿನಲ್ಲಿ ಹಾಕಿ ಆ ಚಿತ್ರದ ಮೇಲೆ ಹೋಗಿ ಕೇಳಿದೆ. "ಬಟನ್" ಎಂದಿತು. ಪಟ್ಟಿ ಕಳಿಸಲು ಈ ಸಲ ಕೂರಲಿಲ್ಲ.

ಕಳೆದ ತಿಂಗಳು ಹುಮನಾಬಾದಿನಲ್ಲಿ ಹೊಸ ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದೆ. ಈಗ ಕನ್ನಡ ಕಲಿಸುವ ಹುಡುಗಿ ಮುಂದಿನ ಸಾಲಿನಲ್ಲಿ ಕೂತಿದ್ದಳು, ಎಲ್ಲ ಬರೆದುಕೊಳ್ಳುತ್ತಿದ್ದಳು. ಮೂಲೆಯ ಚಿತ್ರ ತೋರಿಸಿ, "ಸರ, ಇದು ಯಾಕ ಅದ ರೀ?" ಎಂದು ಕೇಳಿದಳು.

ಒತ್ತಿ ತೋರಿಸಿದೆ. ಅಕ್ಷರಗಳು ದೊಡ್ಡವಾದವು. "ಚಲೋ ಅದ ರೀ" ಎಂದು ಅವಳು ಬರೆದುಕೊಂಡಳು. ಹೌದ್ರಿ ಎಂದು ನಾನು ಮುಂದಿನ ಪುಟಕ್ಕೆ ಹೋದೆ.